ಟ್ಯಾಗೋರರ ಕೊನೆಯ ಡಾಕ್ಟರುಗಳು

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು 1883ರಲ್ಲಿ ಬಂದಿದ್ದರು. ಆಗ ವಯಸ್ಸು 22. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬೆಳದಿಂಗಳಲ್ಲಿ ವಾಪಸಾದದ್ದು, ಇಲ್ಲೇ ಕೂತು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ನಮ್ಮೂರಿನವರಿಗೆ ಹೊಸ ವಿಷಯವಲ್ಲ. ನಮ್ಮ ದೊಡ್ಡಪ್ಪನಿಗೆ ಮೂತ್ರ ಕಟ್ಟಿದ ರಾತ್ರಿಯವರೆಗೆ ನನಗೂ ಅಷ್ಟೇ ಗೊತ್ತಿತ್ತು.

ದೊಡ್ಡಪ್ಪನಿಗೆ 81. ದಿನಾ ಸಂಜೆ ಆ ತೀರದಲ್ಲಿ ಒಂದು ಸುತ್ತು ಹಾಕುವ ಜೀವ. ಆ ರಾತ್ರಿ ಕಿಬ್ಬೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆಸ್ಪತ್ರೆಯಲ್ಲಿ ನಳಿಗೆ ಹಾಕಿದ ಮೇಲೆ ಅವರು ಬಿಟ್ಟ ಉಸಿರು ವರಾಂಡಾದಲ್ಲಿದ್ದ ನಮಗೂ ಕೇಳಿಸಿತು! ‘ಪ್ರೊಸ್ಟೇಟ್, ಆಪರೇಷನ್ ಮಾಡಬೇಕು’ ಅಂದರು ಡಾಕ್ಟರು. ‘ಈ ವಯಸ್ಸಲ್ಲಿ ಕತ್ತರಿ ಹಾಕಿಸ್ಕೊಳ್ಳೋದು ಬೇಡ’ ಅಂದರು ದೊಡ್ಡಪ್ಪ. ಟ್ಯಾಗೋರರೂ 80ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು ಅಂತ ಗೊತ್ತಾದದ್ದು ಆಮೇಲೆ.

ಪ್ರೊಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು. ಹರೆಯದಲ್ಲಿ ಸುಮಾರು 20 ಗ್ರಾಂ, ಸಿಪ್ಪೆ ಸುಲಿಯದ ಅಡಿಕೆಯಷ್ಟು ಅಂದುಕೊಳ್ಳಿ. ವಯಸ್ಸಾದ ಹಾಗೆ ಬಹಳ ಗಂಡಸರಲ್ಲಿ ಇದು ಊದಿಕೊಳ್ಳುತ್ತದೆ. ತೋಟಕ್ಕೆ ನೀರು ಬಿಡುವ ಪೈಪನ್ನು ಯಾರೋ ಮೆಟ್ಟಿ ನಿಂತ ಹಾಗೆ. ಮೊದಲು ಧಾರೆ ಸಣ್ಣದಾಗುತ್ತದೆ, ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆ. ಒಳಗೆ ಉಳಿದ ಮೂತ್ರದಲ್ಲಿ ಸೋಂಕು ಹುಟ್ಟುತ್ತದೆ. ಒತ್ತಡ ಹಿಂದಕ್ಕೇರಿ ಕಿಡ್ನಿಗೆ ತಟ್ಟುತ್ತದೆ. ಕಿಡ್ನಿ ಸೋಸದೆ ಬಿಟ್ಟ ಯೂರಿಯಾದಂಥ ಕಸ ರಕ್ತದಲ್ಲೇ ಉಳಿದರೆ ಮಂಪರು, ವಾಕರಿಕೆ, ಬಿಕ್ಕಳಿಕೆ. ಕೊನೆಗೆ ಎಚ್ಚರವೇ ತಪ್ಪುತ್ತದೆ.

1940ರ ಸೆಪ್ಟೆಂಬರಿನಲ್ಲಿ ಕಾಲಿಂಪಾಂಗ್‌ನಲ್ಲಿದ್ದಾಗ ಟ್ಯಾಗೋರರಿಗೆ ಆದದ್ದು ಇದೇ. ಅಲ್ಲಿಂದ ಕೋಲ್ಕತ್ತಾಕ್ಕೆ ತಂದರು. ಚೇತರಿಸಿಕೊಂಡರೇನೋ ಹೌದು, ಪೂರ್ತಿ ಗುಣವಾಗಲಿಲ್ಲ. ಮಲಗಿದ್ದಲ್ಲೇ ಹೇಳಿ ಬರೆಸಿದ ಕವನಗಳಿಗೆ ‘ರೋಗಶಯ್ಯಾಯ್’ ಎಂದೇ ಹೆಸರಿಟ್ಟರು.

ಅವರಿಗೆ ತೀರಾ ಹತ್ತಿರದ ಡಾಕ್ಟರು ನೀಲರತನ ಸರ್ಕಾರ್. 1937ರಲ್ಲಿ ಚರ್ಮದ ಸೋಂಕೊಂದು ಏರಿ ಕವಿ ಪ್ರಜ್ಞೆ ತಪ್ಪಿದಾಗ ಬದುಕಿಸಿಕೊಂಡವರು ಅವರೇ. ಕತ್ತಲೆಯ ಗುಹೆಯಿಂದ ಬೆಳಕಿಗೆ ಮರಳಿ ಬಂದೆ ಎಂದು ಬರೆದು, ‘ಸೆಂಜುತಿ’ ಸಂಕಲನವನ್ನು ಕವಿ ಅವರಿಗೇ ಅರ್ಪಿಸಿದರು. ಡಾಕ್ಟರ ಬಿಲ್ಲಿಗೆ ಇದಕ್ಕಿಂತ ದೊಡ್ಡ ಪಾವತಿ ಉಂಟೇ! ಟ್ಯಾಗೋರರು ತಾವೂ ಹೋಮಿಯೋಪಥಿ, ಬಯೋಕೆಮಿಕ್ ಗುಳಿಗೆ ಹಂಚುತ್ತಿದ್ದ ಹವ್ಯಾಸಿ ವೈದ್ಯರು. ಇಂಥ ರೋಗಿಯನ್ನು ಸಂಭಾಳಿಸುವುದು ಸುಲಭವಲ್ಲ, ಅಲ್ವಾ?

1941ರಲ್ಲಿ ಡಾಕ್ಟರುಗಳಲ್ಲೇ ಎರಡು ಮಾತಾಯಿತು. ನೀಲರತನರಿಗೆ ಆಪರೇಷನ್ ಬೇಡವಾಗಿತ್ತು. ಬಿಧಾನ್ ಚಂದ್ರ ರಾಯ್ ಆಗಲೇಬೇಕು ಅಂದರು. ಜುಲೈ 1ಕ್ಕೆ ಡಾಕ್ಟರ್ಸ್ ಡೇ ಆಚರಿಸುತ್ತೇವಲ್ಲ, ಅದು ಇವರದೇ ಜನ್ಮದಿನ. ನಡುವೆ ಕವಿರಾಜ (ಬಂಗಾಳದಲ್ಲಿ ಆಯುರ್ವೇದ ಪಂಡಿತರನ್ನು ಹೀಗೆ ಕರೆಯುತ್ತಾರೆ) ವಿಮಲಾನಂದ ತರ್ಕತೀರ್ಥರ ಮದ್ದೂ ನಡೆಯಿತು. ಕವಿಗಂತೂ ಕತ್ತರಿಯ ಮಾತೇ ಬೇಡ. ಆದರೂ ಕೊನೆಗೆ ಮಣಿದರು.

ಆಪರೇಷನ್‌ಗೆ ಹಟ ಹಿಡಿದವರನ್ನು ಇವತ್ತು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಮೂತ್ರಕ್ಕೆ ದಾರಿ ಮಾಡದಿದ್ದರೆ ಕಿಡ್ನಿ ಹೋಗುತ್ತದೆ ಎಂಬ ಅವರ ಲೆಕ್ಕ ಸರಿಯೇ ಇತ್ತು. ಕಿಬ್ಬೊಟ್ಟೆಯ ಮೇಲಿಂದ ಮೂತ್ರಕೋಶಕ್ಕೆ ಸಣ್ಣ ತೂತು ಮಾಡಿ ನಳಿಗೆ ಇಡುವುದು ಆ ಕಾಲದ ರೂಢಿ. ಇಲ್ಲದ್ದು ಸೋಂಕಿಗೆ ಬಲವಾದ ಮದ್ದು. ಸಲ್ಫಾ ಔಷಧಿಗಳಿದ್ದವು, ಅಷ್ಟೇ. ಅದೇ ವರ್ಷ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಪೊಲೀಸನಿಗೆ ಪೆನಿಸಿಲಿನ್ ಕೊಟ್ಟು ನೋಡಿದ್ದರು. ಮದ್ದು ಎಷ್ಟು ಕಡಿಮೆ ಇತ್ತೆಂದರೆ, ಅವನ ಮೂತ್ರದಿಂದಲೇ ಅದನ್ನು ಸೋಸಿ ತೆಗೆದು ಮತ್ತೆ ಚುಚ್ಚಿದರು. ಆದರೂ ಸಾಲದೆ ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಕೋಲ್ಕತ್ತಾಕ್ಕೆ ಅದು ಬರುವ ಮಾತೇ ಇರಲಿಲ್ಲ.

ನಮ್ಮ ದೊಡ್ಡಪ್ಪನ ಕಾಲ ಬೇರೆ. ಈಗ ಮೂತ್ರನಾಳದ ಒಳಗಿಂದಲೇ ಸಲಕರಣೆ ತೂರಿಸಿ ಗ್ರಂಥಿಯನ್ನು ಕೆರೆದು ತೆಗೆಯುತ್ತಾರೆ. ಹೊಟ್ಟೆಯ ಮೇಲೆ ಗೀರೂ ಇಲ್ಲ. ಇದನ್ನು ಡಾಕ್ಟರು ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ ಮೇಲೆ ದೊಡ್ಡಪ್ಪ ಒಪ್ಪಿದರು. ಮಣಿಪಾಲಕ್ಕೆ ಹೋಗಿ ಬಂದು ಈಗ ಮತ್ತೆ ಸಂಜೆಯ ಸುತ್ತು ಶುರುವಾಗಿದೆ. ಆ ಚೀಟಿ ಇನ್ನೂ ಅವರ ಕಿಸೆಯಲ್ಲಿದೆ.

ಟ್ಯಾಗೋರರ ಆಪರೇಷನ್ ನಡೆದದ್ದು ಆಸ್ಪತ್ರೆಯಲ್ಲಲ್ಲ, ಜೋಡಾಸಾಂಕೋದ ಅವರ ಮನೆಯ ವರಾಂಡಾದಲ್ಲಿ. 1941ರ ಜುಲೈ 30. ಸರ್ಜನ್ ಲಲಿತ್ ಮೋಹನ್ ಬ್ಯಾನರ್ಜಿ. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಟ್ಟಿದ್ದರು, ಕವಿಗೆ ಎಚ್ಚರವಿತ್ತು. ಆಮೇಲೆ ಒಂದೊಂದು ದಿನಕ್ಕೂ ಸ್ಥಿತಿ ಬಿಗಡಾಯಿಸಿತು. ಮಂಪರು ಕವಿಯಿತು, ಕಿಡ್ನಿ ಕೈಕೊಟ್ಟಿತು. ಆಗಸ್ಟ್ 7ರ ಮಧ್ಯಾಹ್ನ ಎಲ್ಲ ಮುಗಿಯಿತು.

ಆಪರೇಷನ್ ದಿನ ಬೆಳಿಗ್ಗೆ ಅವರು ಒಂದು ಕವನ ಹೇಳಿ ಬರೆಸಿದ್ದರು. ಅದೇ ಕೊನೆಯದು. ಅದರಲ್ಲಿ ಏನೋ ಗೋಜಲು ಉಳಿದಿದೆ ಅನ್ನಿಸಿತ್ತು ಅವರಿಗೆ. ಇರಲಿ, ಆಪರೇಷನ್ ಆದ ಮೇಲೆ ತಲೆ ಇನ್ನೂ ತಿಳಿಯಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರಲ್ಲ, ಆಗ ತಿದ್ದಿದರಾಯಿತು ಅಂದರಂತೆ.