ಕಣ್ಣಿನ ದ್ರವದ ಪ್ರೋಟೀನ್ ಪಟ್ಟಿಗಳು: ಗೊಂದಲ ಶುರುವಾದದ್ದು ಎಲ್ಲಿ?

ಕಣ್ಣೀರಿನ ಹನಿಯಲ್ಲೇ ರೋಗ ಪತ್ತೆ ಎಂಬ ಸುದ್ದಿ ಆಗಾಗ ಬರುತ್ತದೆ. ಅಂಥ ಟೆಸ್ಟ್ ನಮ್ಮ ಪಕ್ಕದ ಕಣ್ಣಾಸ್ಪತ್ರೆಗೆ ಬರುವುದು ಮಾತ್ರ ಅಪರೂಪ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಲೈಸೊಜೈಮ್ ಬಗ್ಗೆ ಬರೆದರು. ಅದು ಕಣ್ಣೀರಲ್ಲೂ ಇರುವ, ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನ್. 1970ರ ದಶಕದಲ್ಲಿ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಲೋಳೆ, ಅಂದರೆ ವಿಟ್ರಿಯಸ್, ತೆಗೆಯುವ ವಿಟ್ರೆಕ್ಟಮಿ ಆಪರೇಷನ್ ಬಂದ ಮೇಲೆ ಅದು ರೋಗಿಗಳಿಂದಲೇ ಸಿಗತೊಡಗಿತು. 1994ರಲ್ಲಿ ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರ ಕಣ್ಣಿನ ದ್ರವದಲ್ಲಿ ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಜಾಸ್ತಿ ಇರುವುದು ಕಂಡಿತು. ಇವತ್ತು ಕಣ್ಣಿಗೇ ಕೊಡುವ ಎಷ್ಟೋ ಇಂಜೆಕ್ಷನ್‌ಗಳ ಗುರಿ ಅದೇ.

ಇವೆಲ್ಲ ಒಂದೊಂದೇ ಪ್ರೋಟೀನ್ ಹುಡುಕಿದ ಕತೆ. ಅಣುಗಳ ತೂಕ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ದಾರಿಯೇ ಬೇರೆ. ಪ್ರೋಟೀನ್‌ಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸಿ, ತುಣುಕುಗಳ ತೂಕ ನೋಡಿ, ಯಾವುದು ಯಾವ ಪ್ರೋಟೀನಿನದು ಎಂದು ಕಂಪ್ಯೂಟರ್‌ನಲ್ಲಿ ತಾಳೆ ಹಾಕುತ್ತಾರೆ. ಒಂದೇ ಸಲಕ್ಕೆ ನೂರಾರು ಹೆಸರು ಸಿಗುತ್ತವೆ.

ಇಲ್ಲಿ ಬೆಂಗಳೂರು ಬರುತ್ತದೆ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ 2014ರಲ್ಲಿ ಮನುಷ್ಯನ ಪ್ರೋಟೀನ್‌ಗಳ ಕರಡು ನಕ್ಷೆ ಕೊಟ್ಟಿತು. ಅದರಲ್ಲಿ 17,294 ಜೀನ್‌ಗಳ ಪ್ರೋಟೀನ್‌ಗಳಿದ್ದವು. ಅದೇ ವರ್ಷ ಇಲ್ಲಿನ ಕಣ್ಣಿನ ವೈದ್ಯರ ಜೊತೆ ಮಾಡಿದ ಕೆಲಸದಲ್ಲಿ ವಿಟ್ರಿಯಸ್‌ನಲ್ಲಿ 1,205 ಪ್ರೋಟೀನ್ ಸಿಕ್ಕವು. 682 ಹಿಂದೆ ಅಲ್ಲಿ ವರದಿಯಾಗಿರಲಿಲ್ಲ. 2015ರಲ್ಲಿ ಕಣ್ಣಿನ ಮುಂಭಾಗದ ನೀರಿನಲ್ಲಿ, ಅಂದರೆ ಆಕ್ವಿಯಸ್‌ನಲ್ಲಿ, 763 ಸಿಕ್ಕವು. ನಮ್ಮೂರಲ್ಲಿ ಇಂಥ ಕೆಲಸ ಆದದ್ದು ದೊಡ್ಡ ಮಾತೇ.

ಆದರೆ ಆಕ್ವಿಯಸ್ ಒಂದು ಕಣ್ಣಲ್ಲಿ ಇರುವುದೇ ಸುಮಾರು ಕಾಲು ಮಿಲಿಲೀಟರ್. ಪೊರೆ ಆಪರೇಷನ್ ವೇಳೆ ಅದರಲ್ಲಿ ಸ್ವಲ್ಪ ಮಾತ್ರ ತೆಗೆಯಬಹುದು. ಸಾಲದೆ ಹಲವರ ದ್ರವ ಬೆರೆಸುವುದೂ ಉಂಟು. ಬೆರೆಸಿದರೆ ಯಾರದು ಯಾವುದು ಅಂತ ಗೊತ್ತಾಗುವುದಿಲ್ಲ. ಮೇಲಾಗಿ ಆಲ್ಬುಮಿನ್‌ನಂಥ ಹೇರಳ ಪ್ರೋಟೀನ್‌ಗಳು ಅಪರೂಪದವನ್ನು ಮುಚ್ಚಿಹಾಕುತ್ತವೆ. ಅವನ್ನು ತೆಗೆಯಲು ಹೋದರೆ ಬೇಕಾದವೂ ಕೆಲವು ಜೊತೆಗೇ ಹೋಗುತ್ತವೆ.

ನಿಜವಾದ ಗಂಟು ಇನ್ನೊಂದಿದೆ. ಆರೋಗ್ಯವಾಗಿರುವ ಕಣ್ಣಿಗೆ ಸುಮ್ನೆ ಸೂಜಿ ಚುಚ್ಚುವಂತಿಲ್ಲ, ಅಲ್ವಾ? ಹಾಗಾಗಿ ಹೋಲಿಕೆಗೆ ಬಹಳ ಸಲ ಪೊರೆ ಬಂದವರ ಕಣ್ಣೇ 'ನಾರ್ಮಲ್' ಆಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಸೋರಿ ರಕ್ತದ ಪ್ರೋಟೀನ್ ಒಳಗೆ ಬರುತ್ತದೆ. ಹೆಚ್ಚಾದದ್ದು ರೋಗಕ್ಕೆ ಕಾರಣವೋ, ಬರೀ ಸೋರಿಕೆಯೋ ಎಂದು ಪಟ್ಟಿ ನೋಡಿ ಹೇಳಲಾಗದು. ದ್ರವ ತೆಗೆಯುವ ರೀತಿಯಿಂದಲೂ ವ್ಯತ್ಯಾಸ ಆಗುತ್ತದೆ: ಕಣ್ಣೀರನ್ನು ಕಾಗದದ ಪಟ್ಟಿಯಲ್ಲಿ ಹೀರಿಸಿದರೆ ಒಂದು ಫಲಿತಾಂಶ, ಗಾಜಿನ ಸಣ್ಣ ಕೊಳವೆಯಲ್ಲಿ ತೆಗೆದರೆ ಇನ್ನೊಂದು.

ಹೆಸರುಗಳ ಪಟ್ಟಿ ಈಗ ಸಾಕಷ್ಟಿದೆ. ಆಯ್ದ ಹತ್ತಿಪ್ಪತ್ತು ಪ್ರೋಟೀನ್‌ಗಳನ್ನು ನೂರಾರು ಜನರಲ್ಲಿ, ಒಬ್ಬೊಬ್ಬರಲ್ಲೂ ಬೇರೆ ಬೇರೆಯಾಗಿ ಅಳೆಯಬೇಕು. ಅದಕ್ಕೆ ಯಂತ್ರಗಳು ಊರಲ್ಲಿವೆ, ಆಪರೇಷನ್‌ಗಳು ದಿನವೂ ನಡೆಯುತ್ತಿವೆ. ಆದರೆ ತೆಗೆದ ದ್ರವ ಕೆಡದಂತೆ ಇಡಲು ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕು. ರೋಗಿಗೆ ಅರ್ಥವಾಗುವ ಕನ್ನಡದ ಒಪ್ಪಿಗೆ ಪತ್ರ ಬೇಕು. ವಯಸ್ಸು, ಸಕ್ಕರೆ ಮಟ್ಟ, ಹಾಕುತ್ತಿರುವ ಡ್ರಾಪ್ಸ್ ಎಲ್ಲ ಬರೆದಿಡಲು ಸಂಬಳದ ಒಬ್ಬ ಸಿಬ್ಬಂದಿ ಬೇಕು. ಸಂಶೋಧನೆಯ ಹಣದಲ್ಲಿ ಮೊದಲು ಇದಕ್ಕೆ ಪಾಲು ಸಿಗಬೇಕು.