ದೇವರು ನೋವುಣ್ಣಬಲ್ಲನೇ? ಶಿಲುಬೆಯ ಸುತ್ತ ಬೆಳೆದ ವಾದದ ಹಿನ್ನೆಲೆ

ಕ್ರಿ.ಶ. 512ರ ನವೆಂಬರಿನಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ದಂಗೆ ಎದ್ದದ್ದು ಒಂದು ಸ್ತುತಿಗೀತೆಯ ಸಾಲಿಗಾಗಿ. ‘ಪವಿತ್ರನಾದ ದೇವರೇ, ಪವಿತ್ರನಾದ ಬಲಶಾಲಿಯೇ, ಪವಿತ್ರನಾದ ಅಮರನೇ’ ಎಂಬ ಹಳೆಯ ಸ್ತುತಿಗೆ ‘ನಮಗಾಗಿ ಶಿಲುಬೆಗೇರಿದವನೇ’ ಎಂಬ ಮಾತನ್ನು ಸೇರಿಸಿ ಹಾಡಿದ್ದಕ್ಕೆ ಜನ ಬೀದಿಗಿಳಿದರು, ಮನೆಗಳಿಗೆ ಬೆಂಕಿ ಬಿತ್ತು. ಕೊನೆಗೆ ಮುಪ್ಪಿನ ಚಕ್ರವರ್ತಿ ಅನಸ್ತಾಸಿಯಸ್ ಕಿರೀಟವಿಲ್ಲದೆ ರಥಪಂದ್ಯದ ಮೈದಾನಕ್ಕೆ ಬಂದು, ಬೇಕಿದ್ದರೆ ಪಟ್ಟ ಬಿಡುತ್ತೇನೆ ಎಂದ ಮೇಲಷ್ಟೇ ಗಲಭೆ ತಣ್ಣಗಾಯಿತು. ಸಾವಿಲ್ಲದವನೆಂದು ಕರೆದು ಅದೇ ಉಸಿರಿನಲ್ಲಿ ‘ನೀನು ಶಿಲುಬೆಗೇರಿದೆ’ ಎನ್ನಬಹುದೇ ಎಂಬ ಪ್ರಶ್ನೆ ಅಷ್ಟು ಹೊತ್ತಿಗೆ ನಾಲ್ಕು ಶತಮಾನಗಳಷ್ಟು ಹಳೆಯದಾಗಿತ್ತು.

ಅದರ ಬೇರು ಎರಡು ಪರಂಪರೆಗಳ ನಡುವೆ ಇದೆ. ಗ್ರೀಕ್ ತತ್ತ್ವಜ್ಞಾನದಲ್ಲಿ ಬೆಳೆದವರಿಗೆ ದೇವರು ನಿರ್ವಿಕಾರನಾಗಿರಲೇಬೇಕಿತ್ತು. ಅರಿಸ್ಟಾಟಲನ ಆದಿಚಾಲಕ ಎಲ್ಲವನ್ನೂ ಚಲಿಸುತ್ತಾನೆ, ತಾನು ಮಾತ್ರ ಚಲಿಸುವುದಿಲ್ಲ. ಇತ್ತ ಹೀಬ್ರೂ ಪ್ರವಾದಿಗಳ ದೇವರು ಕೋಪಿಸಿಕೊಳ್ಳುತ್ತಾನೆ, ಮರುಗುತ್ತಾನೆ. ದಾರಿ ತಪ್ಪಿದ ಜನರನ್ನು ಹೇಗೆ ತೊರೆಯಲಿ ಎಂದು ಹೋಶೇಯನ ಗ್ರಂಥದಲ್ಲಿ ತನ್ನೊಳಗೇ ತಳಮಳಿಸುತ್ತಾನೆ. ಅದೇ ಹೀಬ್ರೂ ಗ್ರಂಥಗಳ ಸಾಲಿನಲ್ಲಿ, ತಾನು ಮಾರ್ಪಡುವವನಲ್ಲ ಎಂದು ಮಲಾಕಿಯನ ಬಾಯಿಂದ ಹೇಳಿಸುವವನೂ ಅವನೇ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ‘ನನ್ನ ದೇವರ ಯಾತನೆ’ ಎಂದು ಹಿಂಜರಿಯದೆ ಬರೆದ. ನೋವಿಗೆ ಅತೀತನಾದವನು ನಮಗಾಗಿ ನೋವಿಗೆ ಒಳಗಾದ ಎಂದೂ ಬರೆದ. ಎರಡೂ ಮಾತು ಹೇಗೆ ಕೂಡುತ್ತವೆಂದು ವಿವರಿಸುವ ಗೋಜಿಗೆ ಆತ ಹೋಗಲಿಲ್ಲ.

ವಿವರಿಸಲು ಹೊರಟವರಿಗೆ ತೊಡಕು ಎದುರಾಯಿತು. ತಂದೆಯಾದ ದೇವರು ಮತ್ತು ಮಗನಾದ ಯೇಸುಕ್ರಿಸ್ತ ಒಬ್ಬನೇ ದೇವರ ಎರಡು ರೂಪಗಳಷ್ಟೇ ಎಂದು ಸ್ಮಿರ್ನದ ನೊಯೆಟಸ್ ಮತ್ತು ಪ್ರಾಕ್ಸಿಯಸ್ ಮುಂತಾದವರು ಬೋಧಿಸಿದರು. ಹಾಗಾದರೆ ಶಿಲುಬೆಯ ಮೇಲೆ ಸತ್ತವನು ತಂದೆಯೇ ಆಗುತ್ತಾನೆ. ಕಾರ್ಥೇಜಿನ ತೆರ್ತುಲಿಯನ್ ಮೂರನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರಾಕ್ಸಿಯಸನ ವಿರುದ್ಧ ಬರೆಯುತ್ತ, ಈತ ರೋಮಿನಲ್ಲಿ ಸೈತಾನನ ಎರಡು ಕೆಲಸ ಮಾಡಿದ, ಪವಿತ್ರಾತ್ಮನನ್ನು ಓಡಿಸಿದ, ತಂದೆಯನ್ನು ಶಿಲುಬೆಗೇರಿಸಿದ ಎಂದು ಹಂಗಿಸಿದ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸನ ಕಡೆಯವರು ಇದೇ ಎಳೆಯನ್ನು ತಿರುಗಿಸಿ ಹಿಡಿದರು: ಮಗನು ಹಸಿದ, ಅತ್ತ, ಸತ್ತ, ದೇವರಿಗೆ ಇವು ಸಲ್ಲದ ಕಾರಣ ಮಗನು ತಂದೆಗೆ ಸಮನಾದ ದೇವರಲ್ಲ. 325ರಲ್ಲಿ ಬಿಷಪ್ಪರು ಸೇರಿದ ನಿಕೇಯ ಮಹಾಸಭೆ ಈ ವಾದವನ್ನು ತಳ್ಳಿಹಾಕಿ, ಮಗನು ತಂದೆಯ ಸತ್ವವನ್ನೇ ಹೊಂದಿದವನೆಂದು ಸಾರಿತು. ಗ್ರೀಕರ ತಣ್ಣನೆಯ ದೇವರು ಬೈಬಲಿನ ದೇವರನ್ನು ನುಂಗಿಹಾಕಿದ ಎಂದು ಪಠ್ಯಪುಸ್ತಕಗಳು ಹೇಳುವ ಕಥೆಯನ್ನು ನಾನು ಪೂರ್ತಿ ಒಪ್ಪಲಾರದ್ದು ಇಲ್ಲಿಯೇ. ದೇವರು ನೋಯಲಾರ ಎಂಬ ಸೂತ್ರವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದರೆ ಏರಿಯಸನೇ ಗೆಲ್ಲಬೇಕಿತ್ತು.

ಮುಂದಿನ ಜಗಳ ಇನ್ನೂ ಸೂಕ್ಷ್ಮವಾದದ್ದು. 428ರಲ್ಲಿ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಪೀಠವೇರಿದ ನೆಸ್ತೋರಿಯಸ್, ಹುಟ್ಟು ಸಾವುಗಳನ್ನು ಕ್ರಿಸ್ತನ ಮಾನವತ್ವಕ್ಕೆ ಮಾತ್ರ ಹೇಳಬೇಕು, ದೇವತ್ವಕ್ಕೆ ಅಂಟಿಸಬಾರದು ಎಂದ. ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲನಿಗೆ ಅದು ಒಬ್ಬ ಕ್ರಿಸ್ತನನ್ನು ಇಬ್ಬರಾಗಿ ಸೀಳಿದಂತೆ ಕಂಡಿತು. ದೇವರ ವಾಕ್ಯವಾದ ಮಗನು ತನ್ನ ಸ್ವಭಾವದಲ್ಲಿ ನೋಯದೆ, ತಾನು ಧರಿಸಿದ ಶರೀರದಲ್ಲಿ ನೊಂದ ಎಂಬುದು ಅವನ ನಿಲುವು. ಒಗಟಿನಂತೆ ಕೇಳುವ ಈ ಮಾತಿನ ಹಿಂದೆ ಸರಳವಾದ ಒಂದು ಹಟವಿದೆ: ಶಿಲುಬೆಯ ಮೇಲಿರುವವನು ಯಾರು ಎಂದು ಕೇಳಿದರೆ ದೇವರ ಮಗನೆಂದೇ ಉತ್ತರ ಬರಬೇಕು, ಅವನ ಪರವಾಗಿ ನಿಂತ ಬೇರೊಬ್ಬ ಮನುಷ್ಯನೆಂದಲ್ಲ. 431ರ ಎಫೆಸ ಮಹಾಸಭೆ ಸಿರಿಲನ ಕಡೆ ನಿಂತಿತು. 451ರ ಖಾಲ್ಸೆದೋನ್ ಮಹಾಸಭೆ ಕ್ರಿಸ್ತನಲ್ಲಿ ಎರಡು ಸ್ವಭಾವ, ಒಬ್ಬನೇ ವ್ಯಕ್ತಿ ಎಂದು ನಿರ್ಣಯಿಸಿತಲ್ಲದೆ, ದೇವತ್ವವೇ ನೋವಿಗೆ ಒಳಗಾಗುತ್ತದೆ ಎನ್ನುವ ಪುರೋಹಿತರನ್ನು ಹೊರಹಾಕಬೇಕೆಂದೂ ಹೇಳಿತು.

ಖಾಲ್ಸೆದೋನನ್ನು ಒಪ್ಪದ ಅಂತಿಯೋಕ್ಯದ ಬಿಷಪ್ ಪೀಟರ್ ಆ ಶತಮಾನದ ಉತ್ತರಾರ್ಧದಲ್ಲಿ ಸ್ತುತಿಗೀತೆಗೆ ಶಿಲುಬೆಯ ಸಾಲನ್ನು ಸೇರಿಸಿದ. ಅಂತಿಯೋಕ್ಯದವರು ಆ ಸ್ತುತಿಯನ್ನು ಕ್ರಿಸ್ತನಿಗೆ ಹಾಡುತ್ತಿದ್ದರು, ರಾಜಧಾನಿಯವರು ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿದ ತ್ರಿತ್ವಕ್ಕೆ. ಹಾಗಾಗಿ ಅಲ್ಲಿ ಭಕ್ತಿಯಾಗಿದ್ದದ್ದು ಇಲ್ಲಿ ತಂದೆಯನ್ನೂ ಪವಿತ್ರಾತ್ಮನನ್ನೂ ಶಿಲುಬೆಗೇರಿಸಿದಂತೆ ಕೇಳಿಸಿತು. ದಂಗೆಯಾಗಿ ನಾಲ್ಕು ದಶಕ ಕಳೆದ ಮೇಲೆ, 553ರಲ್ಲಿ ಅದೇ ನಗರದಲ್ಲಿ ಸೇರಿದ ಮಹಾಸಭೆ, ಶರೀರದಲ್ಲಿ ಶಿಲುಬೆಗೇರಿದ ಯೇಸುಕ್ರಿಸ್ತನು ತ್ರಿತ್ವದಲ್ಲಿ ಒಬ್ಬನೆಂದು ಒಪ್ಪದವರನ್ನೇ ಶಪಿಸಿತು. ವಿವಾದದ ಆ ಸಾಲು ಸಿರಿಯನ್ ಪರಂಪರೆಯ ಸಭೆಗಳಲ್ಲಿ ಉಳಿಯಿತು, ಕೇರಳದ ಮಲಂಕರ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಸಭೆಗಳ ಆರಾಧನೆಯಲ್ಲಿ ಇಂದಿಗೂ ಇದೆ. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರವೂ ಮಲಂಕರ ಆರ್ಥೊಡಾಕ್ಸ್ ಸಭೆಯ ಒಂದು ಧರ್ಮಪ್ರಾಂತ.

ಮಧ್ಯಯುಗ ಈ ತೀರ್ಮಾನವನ್ನು ಹೆಚ್ಚು ಕದಲಿಸಲಿಲ್ಲ. ದೇವರ ಕರುಣೆ ನಮ್ಮ ಅನುಭವಕ್ಕೆ ಬರುತ್ತದೆ, ಆದರೆ ಅವನೊಳಗೆ ಮರುಕದ ತಳಮಳವಿಲ್ಲ ಎಂದು ದೇವಶಾಸ್ತ್ರಜ್ಞ ಆನ್ಸೆಲ್ಮ್ ಬರೆದ. 1518ರಲ್ಲಿ ಹೈಡೆಲ್‌ಬರ್ಗಿನಲ್ಲಿ ಮಾರ್ಟಿನ್ ಲೂಥರ್, ದೇವರನ್ನು ಮಹಿಮೆಯಲ್ಲಿ ಹುಡುಕಬೇಡಿ, ಶಿಲುಬೆಯಲ್ಲಿ ಹುಡುಕಿ ಎಂದು ಸಾರಿ ಬಾಗಿಲನ್ನು ಸ್ವಲ್ಪ ತೆರೆದರೂ, ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಪ್ರೊಟೆಸ್ಟಂಟರು ರಚಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ದೇವರಿಗೆ ಶರೀರವಿಲ್ಲ, ಭಾವವಿಕಾರಗಳಿಲ್ಲ ಎಂದೇ ಹೇಳಿತು.

ಈ ನಿಲುವು ಸಡಿಲವಾದದ್ದಕ್ಕೆ ಹೊಸ ತರ್ಕಕ್ಕಿಂತ ಯುದ್ಧಗಳೇ ಹೆಚ್ಚು ಕಾರಣ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರ ನಡುವೆ ಇದ್ದ ಆಂಗ್ಲಿಕನ್ ಪಾದ್ರಿ ಸ್ಟಡರ್ಟ್ ಕೆನಡಿ, ಸಿಂಹಾಸನದ ಮೇಲೆ ನಿರಾಳವಾಗಿ ಕೂತ ಸರ್ವಶಕ್ತನನ್ನು ಇನ್ನು ಬೋಧಿಸಲಾರೆನೆಂದು ಬರೆದರು. ನಾಜಿಗಳ ಸೆರೆಮನೆಯಿಂದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1944ರ ಜುಲೈನಲ್ಲಿ ಬರೆದ ಪತ್ರದಲ್ಲಿ, ನೋವುಣ್ಣುವ ದೇವರು ಮಾತ್ರ ನೆರವಾಗಬಲ್ಲ ಎಂಬ ಮಾತಿದೆ. ಮರುವರ್ಷದ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಸೋತ ಜಪಾನಿನಲ್ಲಿ ದೇವಶಾಸ್ತ್ರಜ್ಞ ಕಜೋ ಕಿತಾಮೊರಿ 1946ರಲ್ಲಿ ದೇವರ ನೋವನ್ನೇ ದೇವಶಾಸ್ತ್ರದ ಕೇಂದ್ರವಾಗಿಸಿದರು.

ಎಲ್ಲರಿಗಿಂತ ದೂರ ಹೋದವರು ಜರ್ಮನ್ ದೇವಶಾಸ್ತ್ರಜ್ಞ ಯುರ್ಗನ್ ಮೋಲ್ಟ್‌ಮನ್. 1943ರ ಜುಲೈನಲ್ಲಿ ಹ್ಯಾಂಬರ್ಗಿನ ಮೇಲೆ ಬಾಂಬಿನ ಮಳೆ ಸುರಿದಾಗ ಹದಿನೇಳರ ಆ ಹುಡುಗ ವಿಮಾನವಿರೋಧಿ ಫಿರಂಗಿಯ ಬಳಿ ಇದ್ದ. ಪಕ್ಕದಲ್ಲಿದ್ದ ಗೆಳೆಯ ಸತ್ತ. ಮುಂದೆ ಸ್ಕಾಟ್ಲೆಂಡಿನ ಯುದ್ಧಕೈದಿಗಳ ಶಿಬಿರದಲ್ಲಿ ಕೈಗೆ ಬಂದ ಬೈಬಲಿನಲ್ಲಿ, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಎಂಬ ಶಿಲುಬೆಯ ಮೇಲಿನ ಕೂಗನ್ನು ಓದಿದಾಗ ತನ್ನನ್ನು ಬಲ್ಲವನೊಬ್ಬ ಸಿಕ್ಕಂತಾಯಿತೆಂದು ಅವರು ನೆನೆದಿದ್ದಾರೆ. 1972ರ ‘ಶಿಲುಬೆಗೇರಿದ ದೇವರು’ ಗ್ರಂಥ ಆ ಕೂಗಿನಿಂದಲೇ ಹೊರಡುತ್ತದೆ. ಮಗನು ಸಾಯುವ ನೋವನ್ನು ಉಣ್ಣುತ್ತಾನೆ, ತಂದೆ ಮಗನನ್ನು ಕಳೆದುಕೊಳ್ಳುವ ನೋವನ್ನು ಉಣ್ಣುತ್ತಾನೆ. ಎರಡೂ ಬೇರೆ ನೋವುಗಳಾದ ಕಾರಣ ಪ್ರಾಕ್ಸಿಯಸನ ತಪ್ಪು ಮರಳಿ ಬರುವುದಿಲ್ಲ ಎಂಬುದು ಅವರ ವಾದ.

ಆಕ್ಷೇಪಗಳು ಎರಡು ಕಡೆಯಿಂದ ಬಂದವು. ಮಗನನ್ನು ತಂದೆಯೇ ಸಾವಿಗೆ ಒಪ್ಪಿಸುವ ಈ ಚಿತ್ರದಲ್ಲಿ ಕ್ರೌರ್ಯದ ಆರಾಧನೆಯಿದೆ ಎಂದು ಜರ್ಮನಿಯವರೇ ಆದ ಡೊರೊಥೆ ಸೋಲೆ ಖಂಡಿಸಿದರು. ಕಥೋಲಿಕ ವಿದ್ವಾಂಸ ಥಾಮಸ್ ವೈನಾಂಡಿ 2000ದಲ್ಲಿ ಹಳೆಯ ನಿಲುವನ್ನು ಮತ್ತೆ ಎತ್ತಿಹಿಡಿದರು: ನಿರ್ವಿಕಾರನೆಂದರೆ ನಿರ್ದಯಿಯೆಂದಲ್ಲ, ಅವನ ಪ್ರೀತಿ ಪೂರ್ಣವಾಗಿರುವುದರಿಂದ ಅದು ಏರಿಳಿಯಬೇಕಿಲ್ಲ. ಬಾವಿಗೆ ಬಿದ್ದವನಿಗೆ ಜೊತೆಗೆ ಬಿದ್ದು ನರಳುವವನಿಗಿಂತ ಹಗ್ಗ ಹಿಡಿದು ಮೇಲೆ ನಿಂತವನೇ ಬೇಕಲ್ಲವೇ ಎಂಬ ಪ್ರಶ್ನೆಯನ್ನು ಮೋಲ್ಟ್‌ಮನ್ ಪೂರ್ತಿ ಬಗೆಹರಿಸಿದ್ದಾರೆಂದು ನನಗನ್ನಿಸುವುದಿಲ್ಲ. ಮೇಲಿದ್ದವನೇ ಇಳಿದು ಬಂದ ಎಂಬ ಸಿರಿಲನ ಉತ್ತರ ಈ ವಿಷಯದಲ್ಲಿ ಹೆಚ್ಚು ಗಟ್ಟಿ.

ಭಾರತದಲ್ಲಿ ಈ ಚರ್ಚೆ ಬೇರೆ ದಾರಿ ಹಿಡಿಯಿತು, ಅದರ ಮೊದಲ ಹೆಜ್ಜೆಗಳಲ್ಲಿ ಒಂದು ಬೆಂಗಳೂರಿನದು. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರ ಬೇಕೆಂದು ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಕವಲೊಡೆಯಿತು. ಹೀಬ್ರೂ ಪ್ರವಾದಿ ಯೆಶಾಯನ ಗ್ರಂಥದ ನೊಂದ ಸೇವಕನಲ್ಲಿ ಅವರು ದೇವರನ್ನು ಕಂಡರು, ಯೇಸುವನ್ನು ದಲಿತನೆಂದರು. ಕೈಬಿಡಲ್ಪಟ್ಟವನ ಶಿಲುಬೆಯ ಮೇಲಿನ ಆ ಕೂಗು ದಲಿತರ ದಿನನಿತ್ಯದ ಅನುಭವವೆಂದರು. ಸೇವೆಯನ್ನು ಶತಮಾನಗಳಿಂದ ಬಲವಂತವಾಗಿ ಹೊರಿಸಿಕೊಂಡವರಿಗೆ ಸೇವಕನಾದ ದೇವರನ್ನು ಕೊಟ್ಟರೆ ಆ ಬಲವಂತವೇ ಪವಿತ್ರವಾಗಿಬಿಡುವುದಿಲ್ಲವೇ ಎಂದು ನಂತರದ ತಲೆಮಾರಿನ ದಲಿತ ಚಿಂತಕರೇ ಅವರನ್ನು ಪ್ರಶ್ನಿಸಿದ್ದಾರೆ.