ತೋಟದ ದುಡಿಮೆಯಿಂದ ಕೇಸ್ ಶೀಟಿನವರೆಗೆ: ಮನೋರೋಗ ವಾರ್ಡಿನಲ್ಲಿ ವ್ಯಾಯಾಮ

ಮನೋರೋಗ ವಾರ್ಡಿನಲ್ಲಿ ವ್ಯಾಯಾಮ ಬೇಕು ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಅದನ್ನು ಯಾರು ಮಾಡಿಸಬೇಕು, ಯಾವ ಮಾತ್ರೆ ನುಂಗುವವರಿಗೆ ಎಷ್ಟು ಎಂಬಲ್ಲಿಗೆ ಬಂದರೆ ಮಾತ್ರ ಎಲ್ಲವೂ ಸಿಕ್ಕುಸಿಕ್ಕು.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಧಾರವಾಡವೂ ಅದೇ ಪ್ರಾಂತ್ಯದಲ್ಲಿದ್ದುದರಿಂದ ಕಾರವಾರ, ಶಿರಸಿ ಕಡೆಯವರಿಗೆ ಮನೋರೋಗದ ಆಸ್ಪತ್ರೆ ಎಂದರೆ ಬಹುಕಾಲ ಧಾರವಾಡವೇ. ಆ ಕಾಲದ ಆಸ್ಪತ್ರೆಗಳಲ್ಲಿ ರೋಗಿಯ ಮೈ ಆಡುತ್ತಿದ್ದದ್ದು ದುಡಿಮೆಯಿಂದ: ತೋಟ, ನೇಯ್ಗೆ, ಅಡುಗೆಮನೆ. 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸರಪಳಿಗೆ ಬದಲಾಗಿ ನಡಿಗೆ, ಕೈಕೆಲಸ ಕೊಟ್ಟ ಪ್ರಯೋಗವೇ ಇದರ ಮೂಲ. ಇಲ್ಲಿಗೆ ಬರುವಷ್ಟರಲ್ಲಿ ಅದರೊಳಗೆ ಖರ್ಚು ಉಳಿಸುವ ಲೆಕ್ಕವೂ ಬೆರೆತಿತ್ತು. 1952ರಲ್ಲಿ ಭ್ರಮೆ, ಉದ್ವೇಗ ತಗ್ಗಿಸುವ ಔಷಧ ಕ್ಲೋರ್‌ಪ್ರೊಮಜೀನ್ ಬಂತು. ರೋಗಿಗಳು ಬೇಗ ಮನೆಗೆ ಹೋಗತೊಡಗಿದರು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ಅದರ ಬೆನ್ನಿಗೆ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದ ನಂತರ ಚಿಕಿತ್ಸೆ ಊರಿನ ಹತ್ತಿರಕ್ಕೆ, ಸಾಮಾನ್ಯ ಆಸ್ಪತ್ರೆಗಳಿಗೆ ಬಂತು. ದೊಡ್ಡ ಲಾಭವೇ. ಆದರೆ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಅಂಗಳ ಇರುವುದು ಅಪರೂಪ.

ಪುರಾವೆ ಸಿಕ್ಕಿದ್ದು ಆಮೇಲೆ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆಯಿದ್ದ 156 ಹಿರಿಯರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಖಿನ್ನತೆಯ ಮಾತ್ರೆ ಸರ್ಟ್ರಾಲಿನ್, ಇನ್ನೊಂದಕ್ಕೆ ಎರಡನ್ನೂ ಕೊಟ್ಟರು. 16 ವಾರಗಳಾದಾಗ ಮೂರೂ ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಒಂದೇ. ಸ್ಕಿಜೋಫ್ರೀನಿಯಾ ಎಂಬ, ಭ್ರಮೆ ಹುಟ್ಟಿಸುವ ಕಾಯಿಲೆಯಲ್ಲಿ ಔಷಧದ ಜೊತೆಗೆ ಯೋಗ ಕೊಟ್ಟು ನೋಡುವ ಕೆಲಸವನ್ನು ಬೆಂಗಳೂರಿನ ನಿಮ್ಹಾನ್ಸ್ ಮಾಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯಿಂದ ಬಲವಂತದ ದುಡಿಮೆ ಕೂಡದು, ದುಡಿದರೆ ಸಂಬಳ ಕೊಡಬೇಕು ಎಂದಿತು. ಅದು ಆಗಲೇಬೇಕಿತ್ತು. ದುಡಿಮೆ ತೆರವು ಮಾಡಿದ ಜಾಗ ಮಾತ್ರ ಬಹುಪಾಲು ಖಾಲಿಯೇ ಉಳಿಯಿತು. ರೋಗಿಯ ದಿನ ಮಂಚದ ಮೇಲೆ ಕಳೆಯುತ್ತದೆ, ಭ್ರಮೆ ತಗ್ಗಿಸುವ ಒಲಾಂಜಪಿನ್, ಕ್ಲೋಜಪಿನ್‌ಗೆ ಹಸಿವು ಹೆಚ್ಚಿ ಮೈ ಬೆಳೆಯುತ್ತದೆ.

ಕರಾವಳಿಯಲ್ಲಿ ತೊಡಕು ಇನ್ನೂ ಒಂದಿದೆ: ಸೆಕೆ. ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಬೆವರಿ ನೀರು, ಉಪ್ಪು ಕಳೆದುಕೊಂಡರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ಭೇದಿ, ತೊದಲು ಮಾತು ಕಂಡರೆ ವ್ಯಾಯಾಮವನ್ನಷ್ಟೇ ಅಲ್ಲ, ಮುಂದಿನ ಮಾತ್ರೆಯನ್ನೂ ತಡೆದು ಕೂಡಲೇ ವೈದ್ಯರಿಗೆ ಹೇಳಬೇಕು. ಇವರ ಊಟದ ಉಪ್ಪು ದಿಢೀರನೆ ಹೆಚ್ಚುವುದೂ ಬೇಡ, ಕಡಿಮೆಯಾಗುವುದೂ ಬೇಡ. ಮನೋರೋಗದ ಔಷಧಗಳಿಂದಾಗುವ ನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕಟ್ಟಿಹಾಕುವುದರಿಂದ ಒಣ ಮೈ ಬಿಸಿಯೇರಿ ಶಾಖಾಘಾತವಾಗಬಹುದು. ಕ್ಲೋರ್‌ಪ್ರೊಮಜೀನ್‌ನವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಕಾರವಾರದಂಥ ಊರಲ್ಲಿ ಬೆಳಗ್ಗೆ ಏಳೂವರೆಯೊಳಗೆ, ಇಲ್ಲವೇ ಸಂಜೆ ಐದೂವರೆಯ ಮೇಲೆ. ಮಳೆಗಾಲದಲ್ಲಿ ಒರೆಸಿ ಒಣಗಿದ ಜಗಲಿಯೇ ಗತಿ.

ಮೊದಲು ರಕ್ತದೊತ್ತಡವನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಆ ದಿನ ಕುರ್ಚಿಯಲ್ಲೇ ಕೈಕಾಲು ಆಡಿಸುವುದು. ಮೊದಲ ವಾರ ಬೆಳಗ್ಗೆ, ಸಂಜೆ 10 ನಿಮಿಷದ ನಡಿಗೆ. ಆಮೇಲೆ ಏರಿಸುತ್ತ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು; ಅಷ್ಟು ವೇಗ ಸಾಕು. ಹೃದಯದ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಇದ್ದವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲವಾದ್ದರಿಂದ ನಾಡಿ ಎಣಿಸಿ ಅಳೆದರೆ ತಪ್ಪಾಗುತ್ತದೆ. ಇಸಿಟಿ (ಅರಿವಳಿಕೆ ಕೊಟ್ಟು ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಟ್ಟ ದಿನ, ರೋಗಿಗೆ ಪೂರ್ತಿ ಎಚ್ಚರವಾಗುವವರೆಗೆ ನಡಿಗೆ ಬೇಡ. ಕ್ಲೋಜಪಿನ್ ಶುರುವಾದ ಮೊದಲ ವಾರಗಳಲ್ಲಿ ಜ್ವರ, ಎದೆನೋವು, ಏದುಸಿರು ಬಂದರೆ ಹೃದಯದ ಸ್ನಾಯು ಊದಿರಬಹುದು, ನಡಿಗೆ ನಿಲ್ಲಲೇಬೇಕು. ಎಳೆಯುವ ರಬ್ಬರ್ ಪಟ್ಟಿ, ಹಗ್ಗಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯಬೇಕು. ವಾರ್ಡಿನಲ್ಲಿ ಅವು ಜೀವಕ್ಕೇ ಅಪಾಯ. ಒಂದೆಡೆ ಕೂರಲಾರದೆ ಅತ್ತಿತ್ತ ಅಲೆಯುವವರನ್ನು ಕಂಡು ‘ಇವರಿಗೆ ವ್ಯಾಯಾಮ ಆಯಿತು’ ಎಂದುಕೊಳ್ಳುವುದೂ ಉಂಟು. ಅದು ಔಷಧದಿಂದಾದ ಚಡಪಡಿಕೆ. ಅದಕ್ಕೆ ಬೇಕಾದದ್ದು ಔಷಧದ ಬದಲಾವಣೆ.

ಇಷ್ಟೆಲ್ಲ ತಿಳಿದಿದ್ದೂ ಕೆಲಸ ನಿಲ್ಲುವುದಕ್ಕೆ ಕಾರಣ ಸರಳ. ಫಿಸಿಯೋಥೆರಪಿಸ್ಟ್ ಮೂಳೆ ವಿಭಾಗದಲ್ಲಿರುತ್ತಾರೆ, ನರ್ಸ್‌ಗೆ ಇಂಜೆಕ್ಷನ್ ಮುಗಿದಿರುವುದಿಲ್ಲ. ಮಾತ್ರೆಯ ಹಾಗೆ ಕೇಸ್ ಶೀಟಿನಲ್ಲಿ ನಿಮಿಷ, ವೇಳೆ, ಮಾಡಿಸಿದವರ ಸಹಿಗೆ ಸಾಲು ಇಲ್ಲದ ಮೇಲೆ ಅದು ಯಾರ ಕೆಲಸವೂ ಅಲ್ಲ. ನಮ್ಮಲ್ಲಿ ರೋಗಿಯ ಜೊತೆ ಮನೆಯವರು ಇದ್ದೇ ಇರುತ್ತಾರೆ. ಅವರಿಗೆ ಎರಡು ದಿನ ಹೇಳಿಕೊಟ್ಟರೆ ಜಗಲಿಯ ನಡಿಗೆ ನಡೆದೀತು.

ಬಿಡುಗಡೆಯ ಚೀಟಿಯಲ್ಲೂ ಈ ಸಾಲು ಬೇಕು, ತಾಲೂಕು ಆಸ್ಪತ್ರೆಯಲ್ಲಿ ಮನೋರೋಗಿಗಳಿಗಾಗಿ ನಡೆಯುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ತೂಕ, ಸೊಂಟದ ಸುತ್ತಳತೆಯ ಜೊತೆ ಅದನ್ನೂ ಕೇಳುವಂತೆ. ಜೊತೆಗೆ ಕಸುಬಿಗೆ ತಕ್ಕ ಸೂಚನೆ: ಶಿರಸಿಯ ತೋಟದವರಿಗೆ, ನೆರಳಲ್ಲಿ ಸೊಪ್ಪು ಹೊರುವುದು, ಕಳೆ ತೆಗೆಯುವುದು ಆಗಬಹುದು, ತಲೆಸುತ್ತು ಇರುವವರೆಗೆ ಅಡಿಕೆ ಮರ ಹತ್ತಬಾರದು, ದೋಣಿಗೆ ಹೋಗುವವರಿಗೆ, ಲಿಥಿಯಂ ಇದ್ದರೆ ಕುಡಿಯುವ ನೀರು ಸಾಕಷ್ಟು ಒಯ್ಯಬೇಕು, ಒಬ್ಬರೇ ಹೋಗಬಾರದು.